ಅಮೆರಿಕದ ಖಾಸಗಿ ಸೈಕಾಲಜಿ ಶಾಲೆ: ಸೇರುವ ಮುನ್ನ ಯಾವ ಲೆಕ್ಕ ಕೇಳಬೇಕು?

ಖಾಸಗಿ ಸೈಕಾಲಜಿ ಶಾಲೆಗಳು ಪ್ರಚಾರದಲ್ಲಿ ಎದ್ದು ಕಾಣುವಂತೆ ತೋರಿಸುವುದು ಡೈವರ್ಸಿಟಿ ಅಂಕಿಗಳನ್ನು, ಅಂದರೆ ಯಾವ ಜನಾಂಗದ ವಿದ್ಯಾರ್ಥಿಗಳು ಎಷ್ಟು ಎಂಬ ಲೆಕ್ಕವನ್ನು. 'ಏಷ್ಯನ್' ಎಂದು ಅಲ್ಲಿ ಬರೆದಿರುವ ಶೇಕಡಾವಾರಿನಲ್ಲಿ ಭಾರತದಿಂದ ಓದಲು ಬಂದವರು ಸಾಮಾನ್ಯವಾಗಿ ಇರುವುದಿಲ್ಲ. ಫೆಡರಲ್ ಸರ್ಕಾರಕ್ಕೆ ಕೊಡುವ ವರದಿಯಲ್ಲಿ ಎಫ್-1 (ವಿದ್ಯಾರ್ಥಿ) ವೀಸಾದವರನ್ನು ಜನಾಂಗ ನೋಡದೆ 'ನಾನ್‌ರೆಸಿಡೆಂಟ್' ಎಂದು ಬೇರೆಯೇ ಎಣಿಸುತ್ತಾರೆ. ಗ್ರೀನ್ ಕಾರ್ಡ್ ಇರುವವರು, ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಮಾತ್ರ 'ಏಷ್ಯನ್'. ಆ ಗುಂಪಿನಲ್ಲೂ ಚೀನಾ, ಕೊರಿಯಾ, ಭಾರತ ಮೂಲದವರೆಲ್ಲ ಒಟ್ಟಿಗೇ. ಆದ್ದರಿಂದ ಅಡ್ಮಿಷನ್ ಆಫೀಸಿಗೆ ನೇರವಾಗಿ ಕೇಳಿ: ಕಳೆದ ಐದು ವರ್ಷಗಳಲ್ಲಿ ಎಷ್ಟು ಎಫ್-1 ವಿದ್ಯಾರ್ಥಿಗಳು ಸೇರಿದರು, ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಇಂಟರ್ನ್‌ಶಿಪ್ ಸಿಕ್ಕಿತು?

2023ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜನಾಂಗ ನೋಡಿ ಸೀಟು ಕೊಡುವಂತಿಲ್ಲ. ಪ್ರಬಂಧದಲ್ಲಿ ನಿಮ್ಮ ಅನುಭವ ಬರೆಯಲು ಅಡ್ಡಿಯಿಲ್ಲ. 'ನಾನು ಭಾರತೀಯ' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಕನ್ನಡದಲ್ಲೇ ಕೌನ್ಸೆಲಿಂಗ್ ಮಾಡಬಲ್ಲಿರಾದರೆ ಅದು ಯಾರಿಗೆ, ಹೇಗೆ ನೆರವಾಗುತ್ತದೆ ಎಂದು ಬರೆಯಿರಿ.

ಪದವಿಯ ವಿಷಯಕ್ಕೆ ಬಂದರೆ, ಪಿಎಚ್‌ಡಿಯಲ್ಲಿ ಸಂಶೋಧನೆಗೆ ಒತ್ತು; ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಾಗಿ ಫೀ ಮನ್ನಾ, ಸ್ಟೈಪೆಂಡ್ ಇರುತ್ತವೆ. ಖಾಸಗಿ ಶಾಲೆಗಳು ಹೆಚ್ಚಾಗಿ ನಡೆಸುವ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಪದವಿಯಲ್ಲಿ ಚಿಕಿತ್ಸೆಯ ತರಬೇತಿಗೆ ಒತ್ತು. ಖರ್ಚು ಬಹುಪಾಲು ನಿಮ್ಮದೇ. ಎಫ್-1ನವರಿಗೆ ಫೆಡರಲ್ ಸಾಲವೂ ಸಿಗುವುದಿಲ್ಲ. ಶಾಲೆಗೆ ಮಾನ್ಯತೆ ಇದ್ದರೆ ಸಾಲದು, ನೀವು ಸೇರುವ ಕೋರ್ಸಿಗೇ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಮಾನ್ಯತೆ ಬೇಕು. ಮಾನ್ಯತೆ ಇರುವ ಡಾಕ್ಟರೇಟ್ ಕೋರ್ಸುಗಳು ಒಟ್ಟು ಖರ್ಚು, ಮುಗಿಸಲು ಹಿಡಿದ ವರ್ಷ, ಬಿಟ್ಟುಹೋದವರು, ಇಂಟರ್ನ್‌ಶಿಪ್, ಲೈಸೆನ್ಸ್ ಇವುಗಳ ಅಂಕಿಗಳನ್ನು ಪ್ರಕಟಿಸಲೇಬೇಕು. ಡೈವರ್ಸಿಟಿ ಪುಟಕ್ಕಿಂತ ಮೊದಲು ಈ ಪುಟ ಓದಿ.

ಹಲವರು ಎಡವುವುದು ವೀಸಾದಲ್ಲಿ. ಡಾಕ್ಟರೇಟ್‌ನ ಇಂಟರ್ನ್‌ಶಿಪ್ ಸಾಮಾನ್ಯವಾಗಿ ಪದವಿಗೆ ಮುಂಚಿನ ಒಂದು ವರ್ಷದ ಪೂರ್ಣಾವಧಿ ಕೆಲಸ. ಅದಕ್ಕೆ ಬಳಸುವುದು ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡಲು ಎಫ್-1ನವರಿಗೆ ಕೊಡುವ ಅನುಮತಿ. ಪೂರ್ಣಾವಧಿ ಸಿಪಿಟಿ ಹನ್ನೆರಡು ತಿಂಗಳು ತುಂಬಿತೆಂದರೆ ಆ ಹಂತದ ಪದವಿಗೆ ಒಪಿಟಿ (ಓದಿದ ವಿಷಯದಲ್ಲೇ, ಸಾಮಾನ್ಯವಾಗಿ ಪದವಿಯ ನಂತರ, ಕೆಲಸ ಮಾಡುವ ಅನುಮತಿ) ಇಲ್ಲ. ಆಗ ಪದವಿಯ ನಂತರ ಲೈಸೆನ್ಸ್‌ಗೆ ಬೇಕಾದ, ಮೇಲ್ವಿಚಾರಣೆಯಲ್ಲಿ ಮಾಡುವ ಕೆಲಸದ ಗಂಟೆಗಳನ್ನು ತುಂಬಿಸಲು ದಾರಿ ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ 3,000 ಗಂಟೆಗಳ ಪೈಕಿ ಕನಿಷ್ಠ 1,500 ಪದವಿಯ ನಂತರವೇ ಆಗಬೇಕು. ಆದ್ದರಿಂದ ಇಂಟರ್ನ್‌ಶಿಪ್ ಪತ್ರಕ್ಕೆ ಸಹಿ ಹಾಕುವ ಮೊದಲೇ ಸಿಪಿಟಿಯ ಶುರು, ಕೊನೆ ದಿನಾಂಕಗಳನ್ನು ವಿದೇಶಿ ವಿದ್ಯಾರ್ಥಿಗಳ ಅಧಿಕಾರಿಯ ಜೊತೆ ಕೂತು ಎಣಿಸಿ.

ವೀಸಾಕ್ಕಾಗಿ ಶಾಲೆ ಕೊಡುವ ಐ-20 ಪತ್ರದಲ್ಲಿರುವ ವಿಷಯದ ಕೋಡ್ ಕೂಡ ನೋಡಿ. ಕ್ಲಿನಿಕಲ್ ಸೈಕಾಲಜಿಯ ಕೋಡ್ 42.2801, ಒಪಿಟಿ ಹೆಚ್ಚು ಕಾಲ ಸಿಗುವ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ, ಅಂದರೆ ಒಪಿಟಿ ಹನ್ನೆರಡೇ ತಿಂಗಳು. ಇನ್ನು ಮಾಜಿ ಸೈನಿಕರ ವಿಎ ಆಸ್ಪತ್ರೆಗಳ ಇಂಟರ್ನ್‌ಶಿಪ್‌ಗೆ ಅಮೆರಿಕದ ಪೌರತ್ವವೇ ಬೇಕು, ಗ್ರೀನ್ ಕಾರ್ಡ್ ಸಾಲದು. ಅರ್ಜಿ ಹಾಕುವ ಜಾಗಗಳ ಪಟ್ಟಿ ಮಾಡುವಾಗ ಅವನ್ನು ಮೊದಲೇ ತೆಗೆದುಬಿಡಿ.