ಹ್ಯೂಸ್ಟನ್ ಕಡೆ ಮನೆ ಕೊಳ್ಳುವ ಮುಂಚೆ ಮಡ್ ಸಾಲದ ಲೆಕ್ಕ ಕೇಳಿ

ಟೆಕ್ಸಾಸ್‌ನ ಹ್ಯೂಸ್ಟನ್ ಸುತ್ತಲಿನ ಕೇಟಿ, ಸೈಪ್ರೆಸ್, ಫುಲ್‌ಶಿಯರ್ ಕಡೆ ಹೊಸ ಮನೆ ನೋಡಲು ಹೋಗುವ ನಮ್ಮವರು ಬೆಲೆ, ಸ್ಕೂಲು, ವಾಸ್ತು ಎಲ್ಲ ವಿಚಾರಿಸುತ್ತಾರೆ. ಮಡ್ ಟ್ಯಾಕ್ಸ್ ಎಷ್ಟು ಅಂತ ಕೇಳುವವರು ಕಡಿಮೆ. ದಯವಿಟ್ಟು ಅದನ್ನೂ ಕೇಳಿ.

ಮಡ್ ಅಂದರೆ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ಊರಿನ ನೀರು, ಒಳಚರಂಡಿ ತಲುಪದ ಜಾಗದಲ್ಲಿ ಬಡಾವಣೆ ಎದ್ದಾಗ ಟೆಕ್ಸಾಸ್ ಕಾನೂನಿನ ಪ್ರಕಾರ ಇದನ್ನು ರಚಿಸುತ್ತಾರೆ. ಇದು ಎಚ್ಒಎ, ಅಂದರೆ ಮನೆ ಮಾಲೀಕರ ಸಂಘ ಅಲ್ಲ. ಐದು ಜನರ ಬೋರ್ಡು ಇರುವ, ತೆರಿಗೆ ಹಾಕುವ ಅಧಿಕಾರವಿರುವ ಸರ್ಕಾರಿ ಸಂಸ್ಥೆ.

ಮೊದಲು ಡೆವಲಪರ್ ತನ್ನ ದುಡ್ಡಿನಲ್ಲೇ ಪೈಪು, ಚರಂಡಿ ಹಾಕಿಸುತ್ತಾನೆ. ಒಂದಷ್ಟು ಮನೆಗಳು ಎದ್ದ ಮೇಲೆ ಡಿಸ್ಟ್ರಿಕ್ಟ್ ಬಾಂಡ್ ಮಾರುತ್ತದೆ, ಅಂದರೆ ಹೂಡಿಕೆದಾರರಿಂದ ಸಾಲ ಎತ್ತುತ್ತದೆ. ರಾಜ್ಯದ ಪರಿಸರ ಸಂಸ್ಥೆ ಟಿಸಿಇಕ್ಯೂ ಇದಕ್ಕೆ ಒಪ್ಪಿಗೆ ಕೊಡಬೇಕು. ಬಾಂಡಿನ ಬಡ್ಡಿಗೆ ಸಾಮಾನ್ಯವಾಗಿ ಫೆಡರಲ್ ಆದಾಯ ತೆರಿಗೆ ಇಲ್ಲ. ಹಾಗಾಗಿ ಹೂಡಿಕೆದಾರರು ಕಡಿಮೆ ಬಡ್ಡಿಗೂ ಒಪ್ಪುತ್ತಾರೆ. ಬಂದ ಹಣದಲ್ಲಿ ಡೆವಲಪರ್ ಹಾಕಿದ್ದು ವಾಪಸ್ ಹೋಗುತ್ತದೆ. ಮಡ್ ಟ್ಯಾಕ್ಸ್ ಕಟ್ಟಿ ಆ ಸಾಲ ತೀರಿಸುವವರು ಮಾತ್ರ ಅಲ್ಲಿ ಮನೆ ಕೊಂಡವರು, ಎಷ್ಟೋ ಸಲ 20-30 ವರ್ಷ.

ತೆರಿಗೆ ದರ ಮನೆ ಬೆಲೆಯ ಪ್ರತಿ 100 ಡಾಲರಿಗೆ ಇಷ್ಟು ಅಂತ ಇರುತ್ತದೆ. 1 ಡಾಲರ್ ದರ ಅಂದುಕೊಳ್ಳಿ: 4 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 4,000, ತಿಂಗಳಿಗೆ ಸುಮಾರು 333. ಕೌಂಟಿ, ಸ್ಕೂಲ್ ತೆರಿಗೆ ಬೇರೆ. ನೀರಿನ ಬಿಲ್ಲೂ ಬೇರೆ.

ಹೊಸ ಮನೆಯಾದರೆ ಇನ್ನೊಂದು ವಿಷಯ. ತೆರಿಗೆಗೆ ಬೆಲೆ ಕಟ್ಟುವುದು ಜನವರಿ 1ರ ಸ್ಥಿತಿ ನೋಡಿ. ಆವತ್ತು ಬರೀ ಸೈಟ್ ಇದ್ದರೆ ಮೊದಲ ವರ್ಷದ ಬಿಲ್ಲು ಚಿಕ್ಕದು. ಮುಂದಿನ ವರ್ಷ ಪೂರ್ತಿ ಮನೆಗೆ ಬಿಲ್ಲು ಬರುತ್ತದೆ. ಬ್ಯಾಂಕಿನವರು ಎಸ್ಕ್ರೋ ಕಂತು (ತೆರಿಗೆ ಕಟ್ಟಲೆಂದು ಸಾಲದ ಕಂತಿನ ಜೊತೆ ತಿಂಗಳಿಗಿಷ್ಟು ತೆಗೆದುಕೊಳ್ಳುವ ಹಣ) ಒಮ್ಮೆಲೇ ಏರಿಸುತ್ತಾರೆ. ಸಂಸಾರದ ಬಜೆಟ್ ತಪ್ಪುವುದು ಇಲ್ಲೇ. ಆ ವ್ಯತ್ಯಾಸದ ದುಡ್ಡನ್ನು ಮೊದಲೇ ಎತ್ತಿಡಿ.

ಮಾರುವವರು ಮಡ್ ನೋಟಿಸ್ ಕೊಡಲೇಬೇಕು, ಅದು ಕಾನೂನು. ಸಹಿ ಹಾಕುವ ಕಾಗದಗಳ ರಾಶಿಯಲ್ಲಿ ಸುಮ್ನೆ ಮಗುಚಿ ಹಾಕಬೇಡಿ. ಅದರಲ್ಲಿ ಮೂರು ಅಂಕಿ ಹುಡುಕಿ: ಈಗಿನ ದರ, ಮತದಾರರು ಒಪ್ಪಿದ ಒಟ್ಟು ಬಾಂಡ್, ಇಲ್ಲಿಯವರೆಗೆ ಮಾರಿದ ಬಾಂಡ್. ಒಪ್ಪಿದ್ದು ಜಾಸ್ತಿ, ಮಾರಿದ್ದು ಕಡಿಮೆ ಇದ್ದರೆ ಮುಂದೆ ಇನ್ನೂ ಸಾಲ ಬರಬಹುದು. ಆ ಒಪ್ಪಿಗೆ ಕೊಟ್ಟವರು ಎಷ್ಟೋ ಕಡೆ ಬಡಾವಣೆ ಶುರುವಾಗುವಾಗ ಅಲ್ಲಿದ್ದ ಬೆರಳೆಣಿಕೆಯ ಜನ. ಇದು ನನಗೆ ಸರಿ ಕಾಣುವುದಿಲ್ಲ.

ಹಾಗಂತ ಮಡ್ ಇರುವ ಕಡೆ ಮನೆಯೇ ಬೇಡ ಅನ್ನುವುದಿಲ್ಲ. ಮನೆಗಳು ಹೆಚ್ಚಿದಂತೆ ಹೊರೆ ಹಂಚಿಹೋಗಿ ದರ ಇಳಿಯುವುದುಂಟು. ವೀಸಾದಲ್ಲಿರುವವರಿಗೆ ಮತ ಇಲ್ಲ, ಆದರೆ ಬೋರ್ಡ್ ಮೀಟಿಂಗ್ ಎಲ್ಲರಿಗೂ ತೆರೆದಿರುತ್ತದೆ. ಹೋಗಿ ಕೂತು, ಮುಂದಿನ ಬಾಂಡ್ ಯಾವಾಗ, ಎಷ್ಟಕ್ಕೆ ಅಂತ ಕೇಳಿ.