ವೀಕ್ಷಣಾಲಯದಲ್ಲಿ ಕಿವಿ ತಪಾಸಣೆ: ನಾವು ಮಾಡುವ ಬಗೆ

ಅಪರಾಧದ ಆರೋಪ ಹೊತ್ತ ಹುಡುಗರನ್ನು ವಿಚಾರಣೆಯ ವೇಳೆ ಇರಿಸುವ ಬಾಲಕರ ವೀಕ್ಷಣಾಲಯದಲ್ಲಿ ಕಿವಿ ಪರೀಕ್ಷಿಸುವವರಿಗೆ ಎರಡು ತೊಡಕು: ಸದ್ದು ಮತ್ತು ಜಾಮೀನು. 2015ರ ಬಾಲ ನ್ಯಾಯ ಕಾಯ್ದೆ ವಿಚಾರಣೆಗೆ ನಾಲ್ಕು ತಿಂಗಳ ಗಡುವು ಇಟ್ಟಿದ್ದರೂ ಹುಡುಗ ಅದಕ್ಕೆ ಎಷ್ಟೋ ಮೊದಲೇ ಮನೆಗೆ ಹೊರಟುಬಿಡಬಹುದು. ಹಾಗಾಗಿ ಬಂದ ವಾರದಲ್ಲೇ ಪರೀಕ್ಷೆ ಮುಗಿಸುತ್ತೇವೆ.

ಕೋಣೆ ಅಡುಗೆಮನೆಯಿಂದಲೂ ನೀರಿನ ಪಂಪಿನಿಂದಲೂ ದೂರವಿರಬೇಕು, ಫ್ಯಾನ್ ಆರಿಸಬೇಕು. ಮೊದಲು ಹೆಡ್‌ಫೋನ್ ಹಾಕಿಕೊಂಡು ನಮ್ಮ ಕಿವಿಯನ್ನೇ ಪರೀಕ್ಷಿಸಿಕೊಳ್ಳುತ್ತೇವೆ. 25 ಡೆಸಿಬಲ್‌ನಲ್ಲಿ 500 ಹರ್ಟ್ಜ್ ನಮಗೇ ಕೇಳದಿದ್ದರೆ ಆ ಸ್ವರವನ್ನು ಕೈಬಿಟ್ಟು 1000, 2000, 4000 ಮಾತ್ರ ನೋಡುತ್ತೇವೆ. ಇದರಿಂದ ನಡುಗಿವಿಯ ತೊಂದರೆ ನಮ್ಮ ಗಮನಕ್ಕೆ ಬಾರದೆ ಹೋಗುವ ಸಂಭವವಿದೆ. ಅದಕ್ಕೇ ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಒಟೋಸ್ಕೋಪ್, ಗಾಳಿಯ ಒತ್ತಡ ಬದಲಿಸಿ ಕಿವಿತಮಟೆಯ ಅಲುಗಾಟವನ್ನು ಗೆರೆಯಾಗಿ ತೋರಿಸುವ ಟಿಂಪನೋಮೀಟರ್ ಎರಡೂ ಜೊತೆಗಿರಬೇಕು. ಟಿಂಪನೋಮೀಟರ್‌ಗೆ ಅಷ್ಟೊಂದು ನಿಶ್ಶಬ್ದ ಬೇಕಿಲ್ಲ. ಗೆರೆ ಚಪ್ಪಟೆಯಾಗಿದ್ದು ಕಿವಿನಾಳದ ಗಾತ್ರ 2 ಮಿ.ಲೀ. ದಾಟಿದರೆ ತಮಟೆಯಲ್ಲಿ ತೂತಿರುವ ಶಂಕೆ. ಗಾತ್ರ ಮಾಮೂಲಾಗಿದ್ದರೆ ತಮಟೆಯ ಹಿಂದೆ ನೀರು ನಿಂತಿರಬಹುದು. ತೀರಾ ಕಡಿಮೆ ಬಂದರೆ ಗುಗ್ಗೆ, ಇಲ್ಲವೇ ಉಪಕರಣದ ತುದಿ ನಾಳದ ಗೋಡೆಗೆ ಒತ್ತಿಕೊಂಡಿದೆ.

ಹುಡುಗನನ್ನು ನಮ್ಮ ಕೈ ಕಾಣದಂತೆ ಓರೆಯಾಗಿ ಕೂರಿಸುತ್ತೇವೆ. ಸ್ವರ ಒಂದೆರಡು ಸೆಕೆಂಡ್, ನಡುವಿನ ಬಿಡುವು ಒಂದೇ ಸಮನಾಗಿರಕೂಡದು. ಇಲ್ಲದಿದ್ದರೆ ಸ್ವರ ಕೇಳಿಸದಿದ್ದರೂ ಲಯ ಹಿಡಿದು ಬೆರಳೆತ್ತುತ್ತಾರೆ. ಕನ್ನಡ ಬಾರದವರಿಗೆ ಸನ್ನೆಯೇ ಸಾಕು. ಯಾವುದೇ ಕಿವಿಯಲ್ಲಿ ಒಂದು ಸ್ವರ ತಪ್ಪಿದರೂ ಹೆಡ್‌ಫೋನ್ ಸರಿಪಡಿಸಿ ಮತ್ತೆ ನೋಡುತ್ತೇವೆ. ಆಗಲೂ ತಪ್ಪಿದರೆ ಪೂರ್ಣ ಆಡಿಯೋಗ್ರಾಮ್‌ಗೆ, ಅಂದರೆ ಶ್ರವಣದ ವಿವರವಾದ ಪರೀಕ್ಷೆಗೆ, ಕಳಿಸುತ್ತೇವೆ. ಉತ್ತರ ಪ್ರತಿಸಲ ಬದಲಾದರೆ ‘ನಾಟಕ’ ಎಂದು ಬರೆಯಬಾರದು. ನಿದ್ದೆಗೆಟ್ಟವನೂ ಹೆದರಿದವನೂ ಹೀಗೇ ಉತ್ತರಿಸುತ್ತಾರೆ.

ಸೋರುವ ಕಿವಿಗೆ ಎಣ್ಣೆ ಬಿಡುವ ಚಾಳಿಯನ್ನು ಮೊದಲು ನಿಲ್ಲಿಸಬೇಕು. ಶುದ್ಧ ಹತ್ತಿಯ ಬತ್ತಿಯಿಂದ ದಿನಕ್ಕೆ ಮೂರ್ನಾಲ್ಕು ಸಲ ಕೀವು ಹೀರಿಸಿ ಒಣಗಿಸುವುದು ಮುಖ್ಯ, ಹನಿಮದ್ದು ಆಮೇಲೆ, ಅದೂ ಇಎನ್‌ಟಿ ವೈದ್ಯರು ಬರೆದದ್ದು. ತೂತಿರುವ ಕಿವಿಗೆ ಜೆಂಟಾಮೈಸಿನ್ ಹನಿ ಒಳಗಿವಿಗೇ ಕೆಡುಕು ಮಾಡಬಹುದು. ಸ್ನಾನಕ್ಕೆ ಮುಂಚೆ ವ್ಯಾಸಲಿನ್ ಸವರಿದ ಹತ್ತಿ ಇಡಲು ಸಿಬ್ಬಂದಿಗೆ ತೋರಿಸಿಕೊಡುತ್ತೇವೆ. ಪೊರಕೆ ಕಡ್ಡಿಯಿಂದ ಕಿವಿ ಕೆದಕುವುದು ಇನ್ನೊಂದು ತಲೆನೋವು.

ಕೆನ್ನೆಗೆ ಬಿದ್ದ ಏಟಿನಿಂದಲೂ ತಮಟೆ ಹರಿಯುತ್ತದೆ. ಹೊಡೆದವರು ಬಲಗೈಯವರಾದರೆ ಸಾಮಾನ್ಯವಾಗಿ ಎಡಗಿವಿ. ಅಂಚು ಮೊನಚು, ರಕ್ತದ ಗುರುತು ಇದ್ದರೆ ಆತನೊಬ್ಬನನ್ನೇ ಕೂರಿಸಿ, ಕಾವಲಿನವರನ್ನು ಹೊರಗೆ ನಿಲ್ಲಿಸಿ ಕೇಳುತ್ತೇವೆ. ಹೇಳಿದ್ದನ್ನು ಅವನದೇ ಮಾತಿನಲ್ಲಿ ಬರೆದು ಅಂದೇ ವೈದ್ಯರಿಗೆ ತೋರಿಸುತ್ತೇವೆ. ಇಂಥ ಕಿವಿಗೆ ಹನಿಯೂ ಬೇಡ, ನೀರೂ ಬೇಡ. ಬಹುತೇಕ ತೂತುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಮೂರು ತಿಂಗಳಾದರೂ ಮುಚ್ಚದಿದ್ದರೆ ಶಸ್ತ್ರಚಿಕಿತ್ಸೆಯ ಮಾತು.

ಕೊನೆಗೆ ಕಾಗದ. ವಿಚಾರಣೆ ನಡೆಸುವ ಬಾಲ ನ್ಯಾಯ ಮಂಡಳಿಯ ಮುಂದೆ ಉತ್ತರಿಸದೆ ನಿಂತವನನ್ನು ಮೊಂಡ ಎಂದುಕೊಳ್ಳುವುದು ಸುಲಭ; ಅವನಿಗೆ ಪ್ರಶ್ನೆಯೇ ಕೇಳಿಸಿರಲಿಕ್ಕಿಲ್ಲ. ಆದ್ದರಿಂದ ಹುಡುಗನ ಹಿನ್ನೆಲೆಯನ್ನು ಮಂಡಳಿಗೆ ವರದಿ ಮಾಡುವ ಪರಿವೀಕ್ಷಣಾಧಿಕಾರಿಗೆ ಕೊಡುವ ಹಾಳೆಯಲ್ಲಿ ಡೆಸಿಬಲ್ ಬರೆಯುವುದಿಲ್ಲ: ‘ಬಲಗಿವಿಯ ಕಡೆ ನಿಂತು, ಮುಖ ಕಾಣುವಂತೆ, ಒಬ್ಬೊಬ್ಬರಾಗಿ ಮಾತಾಡಿ’ ಎಂದಷ್ಟೇ. ವೈಯಕ್ತಿಕ ಪಾಲನಾ ಯೋಜನೆಗೆ ಒಂದು ಪ್ರತಿ. ಇನ್ನೊಂದು ಪೋಷಕರಿಗೆ, ಮರುಪರೀಕ್ಷೆಯ ತಾರೀಖಿನೊಂದಿಗೆ. ಅದರಲ್ಲಿ ವೀಕ್ಷಣಾಲಯದ ಮುದ್ರೆ ಬೇಡ, ಆಸ್ಪತ್ರೆಯದ್ದು ಸಾಕು. ಊರಿನಲ್ಲಿ ಆ ಚೀಟಿ ಯಾರ ಕೈಗೆ ಬೀಳುತ್ತದೋ.