ದೋಣಿಗೆ ಚಕ್ರ: ಮೂರನೆಯ ಸಲ ಉಳಿದ ಟ್ರೇಲರ್

ದೋಣಿ ಸಾಗಿಸುವ ಈ ಟ್ರೇಲರ್ ಮಾಡಿ 11 ತಿಂಗಳಾಯಿತು, ಎಲ್ಲಿಯೂ ಬಿರುಕು ಬಿಟ್ಟಿಲ್ಲ. ಹೀಗೆ ಬರೆಯುವಾಗ ಒಳಗೊಳಗೇ ಖುಷಿಯಾಗುತ್ತಿದೆ ಎಂದು ಒಪ್ಪಿಕೊಳ್ಳುತ್ತೇನೆ. ‘ಇದು ಯುಗಾದಿ ಕಾಣುವುದಿಲ್ಲ’ ಎಂದು ವೆಲ್ಡಿಂಗ್ ಅಂಗಡಿಯ ಮುಂದೆ ಟೀ ಕುಡಿಯುತ್ತ ಭವಿಷ್ಯ ನುಡಿದವರಲ್ಲಿ ಇಬ್ಬರು ಈಗ ಅಳತೆ ಕೇಳಿಕೊಂಡು ಬರುತ್ತಿದ್ದಾರೆ.

2022ರ ಮಳೆಗೆ ತುಮಕೂರು ಜಿಲ್ಲೆಯ ಕೆರೆಗಳು ಸಾಲಾಗಿ ಕೋಡಿ ಬಿದ್ದಾಗ ನಾನೂ ನನ್ನ ಭಾವನೂ ಸೇರಿ ಮೀನು ಹಿಡಿಯುವ ಗುತ್ತಿಗೆಗೆ ಇಳಿದೆವು. ಶಿರಾ ಕಡೆ ಎರಡು ಕೆರೆ, ಕೊರಟಗೆರೆ ಕಡೆ ಒಂದು. ಬೋರನಕಣಿವೆ ಕಡೆಯವರು ಕೇಳಿದಾಗ ದೋಣಿಯನ್ನು ಬಾಡಿಗೆಗೂ ಕೊಡುತ್ತಿದ್ದೆವು. ಇಷ್ಟಕ್ಕೂ ಇದ್ದದ್ದು 14 ಅಡಿಯ ಒಂದೇ ಫೈಬರ್ ದೋಣಿ, ತೂಕ 160 ಕಿಲೋ ಇರಬಹುದು. ಒಂದು ಕೆರೆಯಿಂದ ಇನ್ನೊಂದಕ್ಕೆ ಸಾಗಿಸಲು ಟೆಂಪೋ ಬಾಡಿಗೆ 1,800, ಹೊರುವ ನಾಲ್ವರಿಗೆ ತಲಾ 500. ಟೆಂಪೋ ಬರುವುದು ಏರಿಯವರೆಗೆ ಮಾತ್ರ. ಏರಿಗೆ ಕಲ್ಲು ಕಟ್ಟಿರುವುದರಿಂದ ಅಲ್ಲಿಂದ ಇಳಿಸುವಂತಿಲ್ಲ. ಸುತ್ತಿಕೊಂಡು ಕೆರೆಯಂಗಳದ ಕಡೆಯಿಂದ ಅರ್ಧ ಕಿಲೋಮೀಟರ್ ಹೆಗಲ ಮೇಲೆ ಹೊರಬೇಕು. ತಿಂಗಳಿಗೆ ಮೂರು ಸಲ ಸಾಗಿಸಿದರೆ ಹತ್ತು ಹನ್ನೊಂದು ಸಾವಿರ ಅಲ್ಲಿಗೇ ಹೋಯಿತು. ಕಾಟ್ಲಾ, ರೋಹು ಏನು ದರಕ್ಕೆ ಹೋಗುತ್ತವೆ ಎಂದು ಬಲ್ಲವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಈ ಖರ್ಚು ತಪ್ಪಿಸಲು ಟ್ರೇಲರ್ ಮಾಡಲು ಹೊರಟಾಗ, ಹರಿಗೋಲು ಸಾಕಲ್ಲ ಎಂದವರೂ ಇದ್ದರು. ಗಾಳಿ ಎದ್ದಾಗ ದೊಡ್ಡ ನೀರಿನಲ್ಲಿ ಹರಿಗೋಲಿನಿಂದ ಬಲೆ ಎಳೆದು ನೋಡಿದವರು ಹಾಗೆ ಹೇಳುವುದಿಲ್ಲ. ನಮ್ಮ ಜೊತೆ ಬಲೆ ಬಿಡುವ ಹಿರಿಯರೊಬ್ಬರು ಮಾತ್ರ ಬೇರೆಯೇ ಧಾಟಿಯಲ್ಲಿ ಕಾಲೆಳೆದರು: “ಅಲ್ಲಪ್ಪಾ, ದೋಣಿಗೆ ಚಕ್ರ ಕಟ್ಟುವುದೂ ಎಮ್ಮೆಗೆ ಚಪ್ಪಲಿ ತೊಡಿಸುವುದೂ ಒಂದೇ.”

ಮೊದಲನೆಯ ಟ್ರೇಲರನ್ನು ನೆನೆದರೆ ಈಗಲೂ ನಾಚಿಕೆ. ಹಳೆಯ ಟೈರ್ ಗಾಡಿಯೊಂದರ ಅಚ್ಚು ಚಕ್ರ ಸಮೇತ ಅಗ್ಗಕ್ಕೆ ಸಿಕ್ಕಿತು. ಅದರ ಮೇಲೆ ಆಂಗಲ್ ಕೂರಿಸಿ, ನೀಲಗಿರಿ ಮರದ ದಿಂಡು ಬಿಗಿದು ದೋಣಿ ಏರಿಸಿದೆ. ಒಟ್ಟು 14,000. ಎತ್ತಿನ ನಡಿಗೆಗೆ ಆ ಅಚ್ಚಿನಲ್ಲಿ ಏನೂ ಕುಂದಿಲ್ಲ. ಪಿಕಪ್ ಹಿಂದೆ ಕಟ್ಟಿ 25ರ ವೇಗದಲ್ಲಿ ಎಳೆದಾಗ ಸ್ಪ್ರಿಂಗ್ ಇಲ್ಲದ ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. ಅದೂ ಸಾಲದೆಂಬಂತೆ ಚಕ್ರಗಳ ನಡುವಿನ ಅಂತರ ಪಿಕಪ್ಪಿನದಕ್ಕಿಂತ ಒಂದು ಅಡಿ ಕಡಿಮೆ. ಹೂಳು ಹೊತ್ತ ಟ್ರ್ಯಾಕ್ಟರ್‌ಗಳು ಕೊರೆದ ಜಾಡಿನಲ್ಲಿ ಪಿಕಪ್ ಸಲೀಸಾಗಿ ಹೋದರೆ, ಟ್ರೇಲರ್‌ನ ಒಂದು ಚಕ್ರ ಜಾಡಿನೊಳಗೆ, ಇನ್ನೊಂದು ನಡುದಿಬ್ಬದ ಮೇಲೆ. ಮೂರನೆಯ ದಿನ ಮಗ್ಗುಲಿಗೆ ಉರುಳಿತು. ದೋಣಿ ಉಳಿದದ್ದು ಬಳ್ಳಾರಿ ಜಾಲಿಯ ಮೆಳೆಯ ಮೇಲೆ ಬಿದ್ದದ್ದರಿಂದ. ಮುಳ್ಳು ತೆಗೆಯಲು ಒಂದು ಸಂಜೆ ಬೇಕಾಯಿತು.

ಎರಡನೆಯದಕ್ಕೆ ಎಲ್ಲರ ಸಲಹೆಯನ್ನೂ ಕೇಳಿದೆ. ಅದೇ ತಪ್ಪಾಯಿತು. ‘ಗಟ್ಟಿಯಾಗಿ ಮಾಡು’ ಎಂದರು, ಮಾಡಿದೆ. ದಪ್ಪ ಬಾಕ್ಸ್ ಪೈಪು, ಎಲ್ಲ ಕೂಡುಗಳಿಗೂ ಸುತ್ತ ಬೆಸುಗೆ, ಗುಜರಿಯಿಂದ ತಂದ ಗೂಡ್ಸ್ ವಾಹನದ ಸ್ಪ್ರಿಂಗ್ ಪಟ್ಟಿ, 12 ಇಂಚಿನ ಕಾರಿನ ಚಕ್ರ. 23,000ದ ಆಸುಪಾಸು. ನೋಡಲು ಮದುವೆ ಗಂಡಿನಂತಿತ್ತು. ಎರಡನೆಯ ವಾರ ಅಡ್ಡಪೈಪಿನ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ವೆಲ್ಡರ್ ಮೂಲೆಗೆ ತ್ರಿಕೋನದ ತಗಡು ಕೂರಿಸಿದ. ಬಿರುಕು ತಗಡಿನ ಆಚೆಗೆ ಹೋಯಿತು. ಇನ್ನೊಂದು ತಗಡು, ಅದರ ಪಕ್ಕದಲ್ಲಿ ಇನ್ನೊಂದು ಬಿರುಕು. ಹೀಗೆ ನಾಲ್ಕು ಸಲ. ಇತ್ತ ದೋಣಿಯ ತಳದಲ್ಲಿಯೂ ಒಂದು ಗೇಣು ಸೀಳು ಬಂತು. ಫೈಬರ್ ತೇಪೆಗೆ 3,500.

ಸೀಳು ನೋಡಿದ ದಿನ ಸಿಟ್ಟು ಬಂದು ಹೆದ್ದಾರಿ ಬದಿಯ ಢಾಬಾದ ಮುಂದೆ ನಿಂತಿದ್ದ ಲಾರಿಯೊಂದರ ಅಡಿಗೆ ತಲೆ ಹಾಕಿದೆ. ಚಾಸಿಯ ಉದ್ದಕ್ಕೂ ಸಿ ಚಾನೆಲ್ (ಒಂದು ಬದಿ ತೆರೆದ, ಸಿ ಆಕಾರದ ಕಬ್ಬಿಣದ ತೊಲೆ), ಅಡ್ಡಪಟ್ಟಿಗಳಿಗೆಲ್ಲ ರಿವೆಟ್. ಆ ಕೂಡುಗಳಲ್ಲಿ ಎಲ್ಲಿಯೂ ಬೆಸುಗೆ ಇಲ್ಲ. ಹತ್ತು ಟನ್ ಹೊರುವ ಲಾರಿಯೇ ಮೈ ತಿರುಚಿಕೊಂಡು ಹಳ್ಳ ದಾಟುತ್ತಿರುವಾಗ ನಾನು ಐದು ಕ್ವಿಂಟಲ್ ಮುಟ್ಟದ ಟ್ರೇಲರ್‌ಗೆ ಕಬ್ಬಿಣದ ಕವಚ ತೊಡಿಸುತ್ತಿದ್ದೆ. ಬಾಕ್ಸ್ ಪೈಪು ತಿರುಚಲು ಒಪ್ಪುವುದಿಲ್ಲ. ಒಪ್ಪದಿದ್ದಾಗ ಬಲವೆಲ್ಲ ಬೆಸುಗೆಯ ಅಂಚಿಗೇ ಬೀಳುತ್ತದೆ.

ಮೂರನೆಯದಕ್ಕೆ 3 ಇಂಚಿನ ಸಿ ಚಾನೆಲ್, ಸುಮಾರು 100 ಕಿಲೋ, 7,000 ಚಿಲ್ಲರೆ. ಅಡ್ಡಪಟ್ಟಿಗಳಿಗೆ ಬೋಲ್ಟ್. “ಬೋಲ್ಟ್ ಹಾಕಿದರೆ ಗಾಡಿ ಲಟಲಟ ಎನ್ನುತ್ತದಣ್ಣ” ಎಂದು ವೆಲ್ಡರ್ ಮುಖ ಸಿಂಡರಿಸಿದ. ಎನ್ನಲಿ ಬಿಡು ಎಂದೆ. ಚಕ್ರಗಳ ನಡುವೆ ನಾಲ್ಕೂವರೆ ಅಡಿ, ಪಿಕಪ್ಪಿನಷ್ಟೇ. ಗುಜರಿ ಜೀಪಿನ ಹಬ್ಬು (ಬೇರಿಂಗ್ ಕೂರುವ ಚಕ್ರದ ನಡುಭಾಗ), 6.00-16ರ ಹಳೆಯ ಟೈರು. ಇವಕ್ಕೆ 11,000 ಆಯಿತು, ಚೌಕಾಸಿ ಮಾಡಿದ್ದರೆ ಒಂದು ಸಾವಿರ ಇಳಿಯುತ್ತಿತ್ತೇನೋ. ಸ್ಪ್ರಿಂಗಿನಲ್ಲಿ ಏಳು ಪಟ್ಟಿಗಳಿದ್ದವು. ನಮ್ಮ ಭಾರಕ್ಕೆ ಅದು ಬಾಗುತ್ತಲೇ ಇರಲಿಲ್ಲ, ಕಲ್ಲಿನಂತೆ ಕುಳಿತಿತ್ತು. ಬಿಚ್ಚಿ ನಾಲ್ಕನ್ನು ಉಳಿಸಿದೆ. ಯಾವ ನಾಲ್ಕು ಎಂಬುದು ನನ್ನ ಹತ್ತಿರವೇ ಇರಲಿ.

ಗಾಡಿ ತಿರುಚಿದರೆ ಮೇಲಿರುವ ದೋಣಿಯೂ ತಿರುಚಿ ಮತ್ತೆ ಸೀಳುತ್ತದಲ್ಲ? ಇಲ್ಲಿಯೇ ನನ್ನ ತಲೆ ಓಡಿತು ಎಂದು ಹೇಳಿಕೊಳ್ಳುತ್ತೇನೆ. ದೋಣಿ ಕೂರುವ ತೊಟ್ಟಿಲನ್ನು ಬೇರೆಯಾಗಿ ಮಾಡಿ ಮೂರೇ ಕಡೆ ಹಿಡಿಸಿದೆ. ಹಿಂದೆ ಎರಡು, ಮುಂದೆ ಮೂಕಿಯ (ಗಾಡಿ ಎಳೆಯುವ ಮುಂಚಾಚಿನ) ನಡುವೆ ಒಂದು. ಮುಂದಿನದು ಮಗುವಿನ ತೊಟ್ಟಿಲಿನ ಕೀಲಿನಂತೆಯೇ ಅತ್ತಿತ್ತ ಹೊರಳುತ್ತದೆ. ಕೆಳಗೆ ಚಾನೆಲ್ ಏನಾದರೂ ಒದ್ದಾಡಲಿ, ದೋಣಿಗೆ ಸುದ್ದಿ ಮುಟ್ಟುವುದಿಲ್ಲ. ಆ ಕೀಲಿನ ರಬ್ಬರ್ ಬುಶ್ ಯಾವ ವಾಹನದ್ದು ಎಂದು ಫೋನ್ ಮಾಡಿ ಕೇಳಬೇಡಿ, ಹೇಳುವುದಿಲ್ಲ.

ದೋಣಿಯ ತಳಕ್ಕೆ ಒರಗುವ ಹಲಗೆ ಬಲಿತ ತೆಂಗಿನ ಮರದ ಹೊರಸುತ್ತಿನದು. ಮೊದಲು ಅದಕ್ಕೆ ತಿಪಟೂರಿನ ನಾರಿನ ಚಾಪೆ ಸುತ್ತಿದ್ದೆ. ಚೆನ್ನಾಗಿಯೇ ಇತ್ತು, ಆದರೆ ನೀರು ಕುಡಿದು, ಮರಳು ಹಿಡಿದು ದೋಣಿಯ ಬಣ್ಣವನ್ನೆಲ್ಲ ಉಜ್ಜಿ ತೆಗೆಯಿತು. ಈಗ ಜಲ್ಲಿ ಕ್ರಷರ್‌ನಲ್ಲಿ ಸವೆದು ಎಸೆದ ಕನ್ವೇಯರ್ ಬೆಲ್ಟಿನ ತುಂಡು ಬಡಿದಿದ್ದೇನೆ. ಒದ್ದೆಯಾದರೆ ದೋಣಿ ತಾನಾಗಿಯೇ ಜಾರುತ್ತದೆ.

ಕೊಂಡಿಯ ವಿಷಯ. ಪಿನ್ನು ಸುಮ್ಮನೆ ಸಿಕ್ಕಿಸಿದರೆ ಪಿಕಪ್ ಒಂದು ಕಡೆಗೆ, ಟ್ರೇಲರ್ ಇನ್ನೊಂದು ಕಡೆಗೆ ವಾಲಿದಾಗ ಕೊಂಡಿಯೇ ಬಾಗುತ್ತದೆ. ಲೇತಿನಲ್ಲಿ 40 ಮಿಲಿಮೀಟರಿನ ಶಾಫ್ಟ್ ಕಡೆಸಿ, ದಪ್ಪ ಪೈಪಿನೊಳಗೆ ಅದು ಸುತ್ತುವಂತೆ ಮಾಡಿ ತುದಿಗೆ ಬಳೆ ಬೆಸೆಸಿದೆ. 3,500 ಬಿತ್ತು. ಮೊದಲ ಓಟದಲ್ಲಿ ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಕಾಟರ್ ಪಿನ್ ಹಾಕುವುದನ್ನೇ ಮರೆತಿದ್ದೆ. ಸುತ್ತಿ ಸುತ್ತಿ ನಟ್ಟು ಬಿಚ್ಚಿಕೊಂಡು, ಗೊರವನಹಳ್ಳಿ ದಾಟಿ ತೀತಾ ಕಡೆಗೆ ಹೋಗುವಾಗ ಟ್ರೇಲರ್ ಕಳಚಿತು. ಜೊತೆಗೆ ಕಟ್ಟಿದ್ದ ಸರಪಳಿ ಮಾನ ಉಳಿಸಿತು. ಸರಪಳಿ ಕಟ್ಟು ಎಂದು ಹೇಳಿದ್ದು ಭಾವ. ಅದನ್ನು ಅವನು ವಾರಕ್ಕೊಮ್ಮೆ ನೆನಪಿಸುತ್ತಾನೆ.

ಭಾರದ ಹದವನ್ನು ಎತ್ತಿನ ಗಾಡಿ ಹೊಡೆದವರು ಹುಟ್ಟಿನಿಂದಲೇ ಬಲ್ಲರು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಹಿಂದಿನಿಂದ ಗಾಡಿ ಬಾಲ ಆಡಿಸುತ್ತದೆ. ಕೊಬ್ಬರಿ ಮೂಟೆ ತೂಗುವ ಯಂತ್ರದ ಮೇಲೆ ಮೂಕಿಯನ್ನು ಇಟ್ಟು 45 ಕಿಲೋ ತೋರುವವರೆಗೆ ಅಚ್ಚನ್ನು ಹಿಂದೆ ಮುಂದೆ ಸರಿಸಿದೆ. ದೋಣಿ, ಬಲೆ, ಗಾಡಿ ಎಲ್ಲ ಸೇರಿ 440 ಕಿಲೋ ಇದ್ದೀತು.

ಬೇರಿಂಗ್ ಎರಡು ಜೊತೆ ಹೋದ ಮೇಲೆ ಬುದ್ಧಿ ಬಂತು. ಓಡಿ ಬಿಸಿಯಾದ ಹಬ್ಬನ್ನು ನೇರವಾಗಿ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗಿ ಕೆರೆಯ ನೀರನ್ನು ಎಳೆದುಕೊಳ್ಳುತ್ತದೆ. ಬಿಚ್ಚಿದಾಗ ಗ್ರೀಸು ಮಜ್ಜಿಗೆಯಾಗಿತ್ತು. ಈಗ ಮುಟ್ಟಿದರೆ ಕೈ ಸುಡದಂತಾಗುವವರೆಗೆ ಕಾಯುತ್ತೇವೆ, ಬೀಡಿ ಸೇದುವವರು ಸೇದುತ್ತಾರೆ. ಪಿಕಪ್ಪನ್ನು ಕೆರೆಯ ಗೋಡು ಮಣ್ಣಿನ ಹತ್ತಿರಕ್ಕೂ ಒಯ್ಯುವುದಿಲ್ಲ. ಗಟ್ಟಿ ನೆಲದಲ್ಲಿ ನಿಲ್ಲಿಸಿ, 60 ಅಡಿ ಹಗ್ಗದಲ್ಲಿ ಟ್ರೇಲರ್ ಒಂದನ್ನೇ ಇಳಿಯಬಿಡುತ್ತೇವೆ. ಚಕ್ರ ಹೂತುಕೊಳ್ಳುವ ಕಡೆ ತೆಂಗಿನ ಗರಿಯನ್ನು ಅಡ್ಡಡ್ಡ ಹಾಸುವುದು. ಮರದ ಹಲಗೆ, ಕಬ್ಬಿಣದ ಜಾಲರಿ ಎಲ್ಲ ನೋಡಿಯಾಯಿತು, ಗರಿಯ ಮುಂದೆ ಯಾವುದೂ ನಿಲ್ಲಲಿಲ್ಲ.

ಜಾಲಿ ಮುಳ್ಳಿಗೆ ಟ್ಯೂಬಿನೊಳಗೆ ಮೈದಾ ಅಂಟು ಸುರಿದು ನೋಡಿದ್ದೂ ಉಂಟು. ಎರಡು ವಾರಕ್ಕೆ ಹುಳಿ ವಾಸನೆ ಬಂತೇ ಹೊರತು ಪಂಕ್ಚರ್ ನಿಲ್ಲಲಿಲ್ಲ. ಕೊನೆಗೆ ಹಳೆಯ ಟೈರಿನ ಮೇಲ್ಪದರ ಸೀಳಿ ಟೈರಿಗೂ ಟ್ಯೂಬಿಗೂ ನಡುವೆ ಕೂರಿಸಿದೆ. ಚಕ್ರ ತುಸು ಕುಣಿಯುತ್ತದೆ, ನಮ್ಮ ವೇಗಕ್ಕೆ ಅದು ಲೆಕ್ಕಕ್ಕಿಲ್ಲ. ಅಲ್ಲಿಂದೀಚೆಗೆ ಎರಡೇ ಪಂಕ್ಚರ್.

ಮೂರನೆಯದಕ್ಕೆ 34,000 ಹಿಡಿಯಿತು. ಮೂರೂ ಸೇರಿ 71,000. ಎರಡನೆಯದರ ಕಬ್ಬಿಣವನ್ನು ಗುಜರಿಗೆ ಹಾಕಿ ನಾಲ್ಕು ಸಾವಿರ ಹಿಂದೆ ಬಂತು. ಟೆಂಪೋ ಮತ್ತು ಕೂಲಿ ಉಳಿದದ್ದರಲ್ಲಿ ಏಳನೆಯ ತಿಂಗಳಿಗೆ ಅಷ್ಟೂ ತೀರಿತು. ಸದ್ಯಕ್ಕೆ ಕೆರೆ ದಾರಿ, ಬಂಡಿ ಜಾಡುಗಳಲ್ಲಿ ಮಾತ್ರ ಎಳೆಯುತ್ತಿದ್ದೇನೆ. ದೂರದ ಕೆರೆಗಾದರೆ ಬಿಚ್ಚಿ ಪಿಕಪ್ಪಿನ ಮೇಲೆಯೇ ಹೇರುತ್ತೇವೆ. ಬೋಲ್ಟ್ ಹಾಕಿದ್ದರ ಇನ್ನೊಂದು ಲಾಭ ಅದು. ಸಾರ್ವಜನಿಕ ರಸ್ತೆಗೆ ಇಳಿಸಬೇಕಾದರೆ ನೋಂದಣಿ ಬೇಕು, ಹಿಂದಿನ ದೀಪ ಬೇಕು. ದೀಪದ ವೈರನ್ನು ಕಳೆದ ವಾರ ಎಳೆದಿದ್ದೆ, ಇಲಿ ಕಡಿದಿದೆ.